ದೇವರಿಗೆ ಹೇಳಿದ ಮನೆ ನಂಬರು

ವೊಂಗ್ ತಾಯ್ ಸಿನ್, ಕೌಲೂನ್
22 ಜನವರಿ 1984

ಕಾಮ್-ಯಿಯ ಅಪ್ಪನಿಗೆ ಸೌ-ಹಾನ್ ಮಾಡುವ ನಮಸ್ಕಾರ.

ಆರೋಗ್ಯವಾಗಿದ್ದೀರಾ? ಹಡಗಿನ ಅಡಿಗೆಮನೆಯ ಸೆಕೆಗೆ ಮೊಣಕೈಯ ತುರಿ ಮತ್ತೆ ಎದ್ದಿದೆಯೇ? ಊರವರಿಗೆಲ್ಲ ಬೇಯಿಸಿಹಾಕಿ ತಾನು ತಣ್ಣಗಿನ ಗಂಜಿ ಕುಡಿಯುವ ಮನುಷ್ಯ ನೀವು. ಹನ್ನೊಂದು ವರ್ಷದಿಂದ ಒಂದು ಸಾಲು ಬರೆದವರಲ್ಲ, ಆದರೂ ನಾನೇ ಮೊದಲು ಕೇಳಬೇಕು ನೋಡಿ, ಎಂಥ ಹಣೆಬರಹ! ಕಾಮ್-ಯಿಗೆ ಇಪ್ಪತ್ತು ತುಂಬಿತು, ಗಡಿಯಾರದ ಕಾರ್ಖಾನೆಗೆ ಹೋಗುತ್ತಾಳೆ. ಮೂಗು ನಿಮ್ಮದೇ, ಹಟವೂ ನಿಮ್ಮದೇ.

ನಮ್ಮ ಹಳೆಯ ಕಟ್ಟಡವನ್ನು ಕೆಡವಿದರು. ವೊಂಗ್ ತಾಯ್ ಸಿನ್ ದೇವರ ದಾವೋ ಗುಡಿಯ ಹಿಂದಿನ ಹೊಸ ಕಟ್ಟಡಕ್ಕೆ ಬಂದಿದ್ದೇವೆ, ಹದಿನಾರನೆಯ ಮಹಡಿ. ಓಣಿಯಲ್ಲಿ ಸೀಮೆಎಣ್ಣೆ ಒಲೆ ಹಚ್ಚಿ ಕೆಮ್ಮುವ ಕಾಟ ತಪ್ಪಿತು. ಆದರೆ ನಿಮಗೆ ಗೊತ್ತಿರುವುದು ಹಳೆಯ ಬಾಗಿಲೊಂದೇ.

ನಮ್ಮ ಪಂಚಾಂಗದ ವರ್ಷ ಮುಗಿಯುವ ಮೊದಲು ಹರಕೆ ಒಪ್ಪಿಸಬೇಕಲ್ಲ, ನಿನ್ನೆ ಸುಟ್ಟ ಹಂದಿಮಾಂಸ, ಕಿತ್ತಳೆ ಹಿಡಿದು ಗುಡಿಗೆ ಹೋದೆವು. ಪ್ರತಿ ವರ್ಷ ಮಂಡಿಯೂರಿ ನಿಮ್ಮ ಹೆಸರು, ಹುಟ್ಟಿದ ಗಳಿಗೆ, ಮನೆ ನಂಬರು ಹೇಳಿ, ನಿಮ್ಮನ್ನು ಬದುಕಿಸಿಟ್ಟಿದ್ದಕ್ಕೆ ವೊಂಗ್ ತಾಯ್ ಸಿನ್‌ಗೆ ಕೈಮುಗಿಯುತ್ತೇನೆ. ನಿನ್ನೆಯೂ ಹಳೆಯ ನಂಬರನ್ನೇ ಹೇಳಿದೆ. ಪಕ್ಕದಲ್ಲಿದ್ದ ಕಾಮ್-ಯಿ, “ಅಮ್ಮಾ, ಅಲ್ಲಿ ಈಗ ಬಾಗ್ಲೂ ಇಲ್ಲ, ಗೋಡೇನೂ ಇಲ್ಲ. ದೇವ್ರು ಅಪ್ಪನ್ನ ಯಾರ ಮನೆಗೆ ಕಳಿಸ್ಬೇಕು?” ಅಂದಳು. “ಬಾಯ್ಮುಚ್ಚೇ” ಅಂದು, ನೀವು ಬರುತ್ತೀರಾ ಎಂದು ಕೇಳಿ ಶಕುನದ ಕಡ್ಡಿಗಳ ಡಬ್ಬಿ ಅಲ್ಲಾಡಿಸಿದೆ. ಒಂದು ಬೀಳಬೇಕಾದಲ್ಲಿ ಎರಡು ಬಿದ್ದವು. ಎರಡು ಬಿದ್ದರೆ ನಡೆಯುವುದಿಲ್ಲ, ಮತ್ತೆ ಕೇಳಬೇಕು. ಮೂರು ಸಲ ಕೇಳಿದೆ, ಮೂರು ಸಲವೂ ಎರಡೆರಡೇ ಬಿದ್ದವು.

ಶಕುನ ಓದುವ ಮುದುಕ ಮೋಕ್ ನೆನಪಿದೆಯಲ್ಲ? ಅವನಿಗೆ ಹೇಳಿದೆ. “ನೋಡಮ್ಮಾ, ನಿನ್ ಗಂಡನ ಆ ರೋಟರ್‌ಡ್ಯಾಮ್ ವಿಳಾಸಕ್ಕೆ ಹಾಕಿದ್ದೆಲ್ಲಾ ವಾಪಸ್ ಬಂತಲ್ವಾ? ಈ ಸಲ ಪತ್ರಾನ ಗುಡಿ ಒಲೆಗೆ ಹಾಕು. ಮುಟ್ಟೋರಿಗೆ ಮುಟ್ಟತ್ತೆ” ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಒಲೆಯಲ್ಲಿ ಕಾಗದ ಸುಟ್ಟು ಕಳಿಸುವುದು ಸತ್ತವರಿಗೆ! “ನಿನ್ ಬಾಯಿಗೆ ಮಣ್ಣು ಹಾಕ!” ಅಂದುಬಿಟ್ಟೆ. ಕೋಪಿಷ್ಠ ಮುದುಕ, ತಿರುಗಿ ಬಯ್ಯುತ್ತಾನೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಎದ್ದು ತನ್ನ ಸ್ಟೂಲನ್ನು ನನಗೆ ಕೊಟ್ಟ. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಲ್ಲೇ ಕೂತು ಅತ್ತೆ.

ಮೈ ಕಡೆ ನೋಡಿಕೊಳ್ಳಿ. ಮಗಳು ನಮಸ್ಕಾರ ತಿಳಿಸಿದ್ದಾಳೆ. ಇಲ್ಲ, ಅವಳು ಹೇಳಲಿಲ್ಲ, ನಾನೇ ಬರೆದೆ.

ನಿಮ್ಮ
ಸೌ-ಹಾನ್

ಮರೆತಿದ್ದೆ: ಇದನ್ನೇ ಎರಡು ಸಲ ಬರೆದಿದ್ದೇನೆ. ಒಂದು ಅಂಚೆಗೆ, ಒಂದು ಒಲೆಗೆ. ಅಂಚೆಯಲ್ಲಿ ಸಿಕ್ಕಿದ್ದರೆ ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬಂದುಬಿಡಿ. ಹೊಸ ನಂಬರು 1614. ಮರೆತರೂ ಚಿಂತೆಯಿಲ್ಲ, ನಮ್ಮ ಕೇರಿಗೆ ಗುಡಿಯದೇ ಹೆಸರು, ಆ ಗುಡಿಯನ್ನು ಯಾರೂ ಕೆಡವುವುದಿಲ್ಲ. ಅದರ ಬಾಗಿಲಲ್ಲಿ ನಿಂತು ನನ್ನ ಹೆಸರು ಕೇಳಿ. ಹೊಗೆಯಾಗಿ ಸಿಕ್ಕಿದ್ದರೂ ಅದೇ ನಂಬರು, ಅಲೆಯಬೇಡಿ, ಸೀದಾ ಮನೆಗೆ ಬನ್ನಿ. ಇವತ್ತು ನಿಮಗೂ ಒಂದು ಬಟ್ಟಲು ಅನ್ನ ಬಡಿಸಿಟ್ಟಿದ್ದೇನೆ. ಸತ್ತವರಿಗೆ ನೆಡುವ ಹಾಗೆ ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಡಲು ಕೈ ಬರಲಿಲ್ಲ. ಬಟ್ಟಲ ಪಕ್ಕದಲ್ಲೇ ಇಟ್ಟಿದ್ದೇನೆ.