ಎದೆಬಡಿತಕ್ಕೆ ಕಾಯುವ ಯಂತ್ರ

ಮೂಡಲಗಿ
೧೮ ಫೆಬ್ರವರಿ ೧೯೯೯

ಹುಕ್ಕೇರಿಯ ಯಜಮಾನರಿಗೆ ಮೂಡಲಗಿಯ ತವರಿನಿಂದ ತ್ರಿಶಲಾಳ ಜೈ ಜಿನೇಂದ್ರ.

ಮೂರು ವರ್ಷದ ಮೇಲೆ ಹೆಂಡತಿಯ ಕಾಗದ ಬಂತೆಂದು ಗಾಬರಿಯಾಗಬೇಡಿ, ಬದುಕಿದ್ದೇನೆ. ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಮಂಗಳವಾರ ಅವ್ವನ ಜೊತೆ ಬೆಳಗಾವಿಗೆ ಹೋಗಿ ಒಡೆಸಿಕೊಂಡು ಬಂದೆ. ಕೊಯ್ಯುವುದಿಲ್ಲ, ಯಂತ್ರದ ಮೇಲೆ ಮಲಗಿಸಿ ಹೊರಗಿನಿಂದಲೇ ಸೊಂಟಕ್ಕೆ ಟಕ್ ಟಕ್ ಎಂದು ಏಟು ಕೊಡುತ್ತಾರೆ.

ಇನ್ನೂರು ಏಟು ಆಗಿರಬೇಕು, ಎದೆ ತಾಳ ತಪ್ಪಿತು. ಎರಡು ಬಡಿತ ಬಡಿದು ಮೂರನೆಯದನ್ನು ನುಂಗಿತು, ಆಮೇಲೆ ಒಂದೇ ಓಟ. ಡಾಕ್ಟರು ಯಂತ್ರ ನಿಲ್ಲಿಸಿದರು. ಬಾಗಿಲಾಚೆ ಅವ್ವ ಗಟ್ಟಿಯಾಗಿ ಣಮೋಕಾರ ಮಂತ್ರ ಹೇಳತೊಡಗಿದಳು. ಖರೆ ಹೇಳುತ್ತೇನೆ, ಸತ್ತೇಹೋದೆ ಎಂದುಕೊಂಡೆ.

ತಪ್ಪು ನನ್ನದೂ ಇತ್ತು. ಮುಂಜಾನೆಯಿಂದ ಏನೂ ಬೇಡ ಎಂದಷ್ಟೇ ಅವರು ಹೇಳಿದ್ದರು. ಹಿಂದಿನ ದಿನ ಚತುರ್ದಶಿ, ನಿರ್ಜಲ ಉಪವಾಸ. ಭಾನುವಾರ ಹೊತ್ತು ಮುಳುಗಿದ ಮೇಲೆ ನಾನು ಹನಿ ನೀರೂ ಕುಡಿದಿರಲಿಲ್ಲ. ಒಣಗಿದ ನಾಲಗೆ ನೋಡಿ ಡಾಕ್ಟರು, "ದೇವರಿಗೆ ಉಪವಾಸ ಮಾಡ್ರಿ ಬಾಯಾರ, ನನ್ನ ಮುಂದ ಯಾಕ ಮುಚ್ಚಿಡ್ತೀರಿ?" ಎಂದು ಬೈದು ಸಲೈನ್ ಹಚ್ಚಿದರು.

ಆಮೇಲೆ ಬಡಿತ ನೋಡಲು ನನ್ನ ಎದೆಗೆ ಅಂಟಿಸಿದ್ದ ತಂತಿಯನ್ನು ಏಟು ಕೊಡುವ ಯಂತ್ರಕ್ಕೆ ಜೋಡಿಸಿದರು. "ಇನ್ನ ನಿಮ್ಮ ಎದಿ ಬಡದ ಮ್ಯಾಲೇ ಇದು ಏಟ ಹಾಕತೈತಿ. ಅಲ್ಲೀತನಕ ಕಾಯತೈತಿ" ಎಂದರು. ಹಾಗೆಯೇ ಆಯಿತು. ಎದೆ ನಿಧಾನಿಸಿದರೆ ಅದೂ ನಿಧಾನಿಸಿತು. ನನಗೆ ಅಳು ಬಂತು, ನೋವಿಗಲ್ಲ.

ಮೂರು ವರ್ಷದ ಹಿಂದಿನ ಆ ಸಂಜೆಯ ಘಟಪ್ರಭಾ ಬಸ್ ಸ್ಟ್ಯಾಂಡ್ ನೆನಪಾಯಿತು. ಹೊತ್ತು ಮುಳುಗಿದರೆ ನೀರು ಮುಟ್ಟುವಂತಿಲ್ಲ, ಅಷ್ಟರೊಳಗೆ ಕುಡಿದು ಬರುತ್ತೇನೆಂದು ನಳದ ಕಡೆ ಹೋದೆ. ತಿರುಗಿ ಬಂದರೆ ಹುಕ್ಕೇರಿ ಬಸ್ಸೂ ಇಲ್ಲ, ನೀವೂ ಇಲ್ಲ. ಹೆಂಡತಿ ಹತ್ತಿದಳೋ ಇಲ್ಲವೋ ಎಂದು ಹಿಂದಿರುಗಿ ನೋಡುವ ರೂಢಿ ನಿಮಗೆ ಎಂದೂ ಇರಲಿಲ್ಲ. ಸಿಟ್ಟಿನಿಂದ ಮೂಡಲಗಿ ಬಸ್ ಹತ್ತಿದೆ. "ಬಂದ್ರ ಬರಲಿ" ಎಂದು ಹೇಳಿಕಳಿಸಿದಿರಿ. ನಾನೂ ಹಟಮಾರಿಯೇ.

ಕಲ್ಲು ಅರ್ಧವಷ್ಟೇ ಒಡೆದಿದೆ. ಮಾರ್ಚ್ ಎರಡರಂದು ಮತ್ತೆ ಹೋಗಬೇಕು. ಹಿಂದಿನ ದಿನ ಮತ್ತೆ ಚತುರ್ದಶಿಯೇ; ಈ ಸಲ ನೀರು ಕುಡಿಯುತ್ತೇನೆ. "ಆ ಬಾಗಲದಾಗ ಮತ್ತ ಕುಂದ್ರೂದು ನನ್ನ ಕಡೆ ಆಗಂಗಿಲ್ಲವ್ವಾ" ಎನ್ನುತ್ತಾಳೆ ಅವ್ವ. ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ಒಬ್ಬಳೇ ಹೋಗಬಲ್ಲೆ.

ಇಂತಿ,
ಯಾರ ಮನೆಯವಳೆಂದು ಬರೆಯಲು ತಿಳಿಯದ
ತ್ರಿಶಲಾ

ತಾ.ಕ.: ಮಂಗಳವಾರ ಹನ್ನೊಂದಕ್ಕೆ ನಿಮ್ಮ ಅಂಗಡಿಗೆ ಮಾತಿಲ್ಲದ ಫೋನ್ ಬಂದಿತ್ತಲ್ಲ, ಅದು ನನ್ನದು. ಎದೆ ತಾಳ ತಪ್ಪಿದಾಗ ಯಾರಿಗೆ ತಿಳಿಸಬೇಕೆಂದು ನರ್ಸ್ ಕೇಳಿದಳು. ಅವ್ವ ಬಾಗಿಲಲ್ಲೇ ಇದ್ದರೂ ನಿಮ್ಮ ನಂಬರ್ ಹೇಳಿದೆ. ನರ್ಸ್ ಫೋನ್ ಹಚ್ಚಿದೊಡನೆ ಡಾಕ್ಟರು ಅವಳನ್ನು ಒಳಗೆ ಕರೆದರು, ರಿಸೀವರ್ ಮೇಜಿನ ಮೇಲೇ ಉಳಿಯಿತು. ಹತ್ತು ನಿಮಿಷದ ಮೇಲೆ ಅವಳು ಎತ್ತಿದರೆ ನೀವಿನ್ನೂ "ಹಲೋ, ಯಾರ್ರಿ?" ಎನ್ನುತ್ತಿದ್ದಿರಂತೆ. ಅಷ್ಟರಲ್ಲಿ ಬಡಿತ ಸರಿಯಾಗಿತ್ತು, ಅವಳು ಇಟ್ಟುಬಿಟ್ಟಳು. ಅವ್ವನ ಣಮೋಕಾರ ಕೇಳಿಸಿತೇ? ಅಷ್ಟು ಹೊತ್ತು ಕಾದಿರಲ್ಲ! ಎರಡನೇ ತಾರೀಖು ಮುಂಜಾನೆ ಏಳಕ್ಕೆ ಗೋಕಾಕದಲ್ಲಿ ಬಸ್ ಬದಲಿಸುತ್ತೇನೆ. ಅಲ್ಲೂ ಒಂದು ನಳವಿದೆ, ಅದರ ಹತ್ತಿರ ನಿಂತಿರುತ್ತೇನೆ.