ಮುಂದಿನ ಎಡಗಾಲಿ

ಹುಡುಗಿಯರ ಹಾಸ್ಟೆಲ್, ಧಾರವಾಡ
೧೩ ನವೆಂಬರ್ ೨೦೨೪, ಬುಧವಾರ

ಅಪ್ಪಾ,

ಶಾಲೆಯಲ್ಲಿ ಕಲಿಸಿದ ಹಾಗೆ ‘ತೀರ್ಥರೂಪರಲ್ಲಿ ಬೇಡುವ ಆಶೀರ್ವಾದಗಳು’ ಎಂದು ಶುರು ಮಾಡಿದ್ದೆ, ಹರಿದು ಹಾಕಿದೆ. ಸಿಟ್ಟಿನಲ್ಲಿರುವಾಗ ಆಶೀರ್ವಾದ ಬೇಡುವುದು ನನಗೆ ಬರುವುದಿಲ್ಲ. ಆರಾಮ ಇದ್ದೇನೆ. ಮೆಸ್ಸಿನ ಸಾರು ಮೊದಲಿನಷ್ಟೇ ತೆಳ್ಳಗಿದೆ. ಕ್ಷೇಮ ಸಮಾಚಾರ ಇಷ್ಟು ಸಾಕು.

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡಿ. ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ‘ತಡಿ, ನಿಮ್ಮವ್ವಗ ಕೊಡತೀನಿ’ ಅಂತೀರಿ. ಕಾಗದವಾದರೆ ಪೂರ್ತಿ ಓದಲೇಬೇಕಾಗುತ್ತದೆ.

ವಿಷಯ ಒಂದೇ. ಬರುವ ಭಾನುವಾರ ತಿರ್ಲಾಪುರದ ಹೊಳೆಯಪ್ಪ ಕಾಕಾ ಕೊಳ್ಳಲು ಬಂದರೆ ಕಾರು ಕೊಡಬಾರದು. ಅದು ಅವ್ವನ ಕಾರು. ಖಡಕ್ ರೊಟ್ಟಿ ಬಡಿದು, ಹುಬ್ಬಳ್ಳಿಯ ಖಾನಾವಳಿಗಳಿಗೆ ಮುಟ್ಟಿಸಿ, ಅವಳು ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಟೆಂಪೋದವನ ದಾರಿ ಕಾಯುವುದು ತಪ್ಪಲಿ ಅಂತ ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಕಾರು ಹೋದರೆ ಅವಳ ರೊಟ್ಟಿಯೂ ನಮ್ಮ ಕುಬಿಹಾಳದಿಂದ ಆಚೆ ಹೋಗುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಾರಲು ನೀವು ಕೊಟ್ಟ ಕಾರಣ, ಸ್ಲೋ ಹೋಗುವಾಗ ಸ್ಟೇರಿಂಗ್ ನಡುಗುತ್ತದೆ ಅಂತ. ನಡುಗುತ್ತಿದ್ದದ್ದು ನಿಜ. ಆದರೆ ನಿಮ್ಮ ಬೀಜದ ಅಂಗಡಿಯ ಕಟ್ಟೆಯ ಮೇಲೆ ಕೂತು, ಮಂದಿ ಮುಂದೆ ಅಂದದ್ದೇನು? ‘ಹೆಂಗಸರು ಸ್ಟೇರಿಂಗ್ ಹಿಡದ್ರ ಗಾಡಿಗೂ ಮೈಯಾಗ ದೇವರು ಬರತೈತಿ ನೋಡ್ರಿ!’ ಎಲ್ಲರೂ ನಕ್ಕರು. ಅವ್ವ ಎದುರಿಗೇ ಕಾರಿನಲ್ಲಿ ಕೂತಿದ್ದಳು. ಗ್ಲಾಸು ಏರಿಸಿಕೊಂಡಳು. ಹಿಂದಿನ ಸೀಟಿನಲ್ಲಿದ್ದ ನಾನೂ ಸುಮ್ಮನಿದ್ದೆ. ಈಗ ಇರುವುದಿಲ್ಲ.

ಕಳೆದ ಭಾನುವಾರ ನೀವು ಅಳ್ನಾವರದ ಮದುವೆಗೆ ಹೋಗಿದ್ದಿರಲ್ಲ, ಆವತ್ತು ನಾನು ಕಾರು ಬಿಚ್ಚಿದೆ. ವೈವಾ ಪರೀಕ್ಷೆಯಲ್ಲಿ ಸರ್ ನನ್ನ ಹೆಸರು ಕೇಳಿದರೂ ರೋಲ್ ನಂಬರ್ ಹೇಳುವವಳು ನಾನು. ಮೆಕ್ಯಾನಿಕಲ್ ಮೊದಲ ವರ್ಷದಲ್ಲಿ ಇನ್ನೂ ಒಂದು ನಟ್ ಕೂಡ ಮುಟ್ಟಿಸಿಲ್ಲ, ಬರೀ ಡ್ರಾಯಿಂಗ್. ಆದರೂ ಬಹಳ ಕಾನ್ಫಿಡೆಂಟಾಗಿ ‘ವೀಲ್ ಬ್ಯಾಲೆನ್ಸಿಂಗ್ ಪ್ರಾಬ್ಲೆಮ್ ಅವ್ವಾ’ ಅಂದೆ. ಅವಳು ರೊಟ್ಟಿ ತಟ್ಟುತ್ತಲೇ ಅಂದಳು: ‘ಹೈವೇದಾಗ ಜೋರ ಹೊಡದ್ರ ಸುಮ್ಮನಿರತೈತಿ. ಊರಾಗ ಬಂದು ಸಾವಕಾಶ ಮಾಡಿದ್ರ ಅಷ್ಟ, ಒಲ್ಲೆ ಒಲ್ಲೆ ಅಂತ ತಲಿ ಅಲ್ಲಾಡಿಸಿದಂಗ ಮಾಡತೈತಿ.’ ನನ್ನ ಥಿಯರಿ ಅಲ್ಲಿಗೇ ಬಿತ್ತು. ಬ್ಯಾಲೆನ್ಸಿಂಗ್ ತಪ್ಪಿದ್ದರೆ ಜೋರು ಹೋದಾಗಲೇ ನಡುಗಬೇಕು. ಸಾವಕಾಶದಲ್ಲಿ ಸ್ಟೇರಿಂಗ್ ಆಚೆ ಈಚೆ ತೂಗಿದರೆ ಟೈರು ಉಬ್ಬಿರಬೇಕು, ರಿಮ್ ಸೊಟ್ಟ ಇರಬೇಕು, ಇಲ್ಲವೇ ಏನೋ ಸಡಿಲಾಗಿರಬೇಕು.

ಟೈರಿನ ಮೇಲೆ ಸುತ್ತಲೂ ಕೈ ಆಡಿಸಿದೆ, ಉಬ್ಬು ಸಿಗಲಿಲ್ಲ. ಜಾಕ್ ಏರಿಸಿ ಗಾಲಿಯನ್ನು ಎರಡೂ ಬಾಜು ಹಿಡಿದು ಅಲುಗಿಸಿದೆ, ಬಲಗಾಲಿ ಗಟ್ಟಿ ಇತ್ತು. ಆಯಿ ಮನೆಯ ಕಟ್ಟೆಯ ಮೇಲೆ ಕೂತು, ‘ಮೊಮ್ಮಗಳು ಶಾಣ್ಯಾಕಿ ಆಗಲಿ ಅಂತ ಹಾಸ್ಟೆಲಿಗೆ ಕಳಿಸಿದ್ರ ಪಂಕ್ಚರ್ ಅಂಗಡಿ ಹಾಕಾಕ ಹೊಂಟಾಳ’ ಅಂತ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಎಡಗಾಲಿ ಎತ್ತಿ ತಿರುಗಿಸಿದಾಗ ಒಂದು ಕಡ್ಡಿಯನ್ನು ರಿಮ್ಮಿಗೆ ಹತ್ತಿರ ಅಲುಗದಂತೆ ಹಿಡಿದೆ. ರಿಮ್ ಒಮ್ಮೆ ಕಡ್ಡಿಗೆ ತಾಗುತ್ತಿತ್ತು, ಒಮ್ಮೆ ದೂರ ಸರಿಯುತ್ತಿತ್ತು. ಅಂದರೆ ಗಾಲಿ ಸೊಟ್ಟ ತಿರುಗುತ್ತಿತ್ತು.

ನಟ್ಟು ಬಿಚ್ಚಲು ಪಾನಾ ಹಾಕಿದೆ. ಅಪ್ಪಾ, ಒಂದು ನಟ್ಟಿಗೆ ಪಾನಾ ಬೇಕಾಗಲಿಲ್ಲ. ಬೆರಳಿನಿಂದಲೇ ತಿರುಗಿತು.

ಗಾಲಿ ತೆಗೆದರೆ, ರಿಮ್ ಹೋಗಿ ಕೂರುವ ಹಬ್ಬಿನ ಮೇಲೆ ಮಡಿಚಿದ ತಾಮ್ರದ ತಗಡು ಒತ್ತಿ ಅಂಟಿತ್ತು. ಮಡಿಕೆಯಲ್ಲಿ ಅರಿಷಿಣ. ಯಾರೋ ಮಾಟ ಮಾಡಿಸಿದ್ದಾರೆ ಅಂತಲೇ ಮೊದಲು ಹೊಳೆದದ್ದು. ಇಂಗ್ಲಿಷ್ ಮೀಡಿಯಂ ಎಲ್ಲ ಎಲ್ಲಿ ಹೋಯಿತೋ, ಎಡಗೈಯಿಂದ ಮುಟ್ಟಬೇಕೋ ಬಲಗೈಯಿಂದಲೋ ಅಂತ ಯೋಚಿಸುತ್ತ ನಿಂತೆ. ಅವ್ವ ಒಳಗಿದ್ದಳು. ಬಿಡಿಸಿ ನೋಡಿದೆ. ಮೊಳೆಯಿಂದ ಗೀಚಿದ ಎರಡೇ ಅಕ್ಷರ: ‘ನೀಲಾ’.

ಊರಿಗೆಲ್ಲ ಅವ್ವ ನೀಲಕ್ಕ. ಆಯಿಗೆ ನೀಲವ್ವ. ನೀವಂತೂ ನನ್ನ ಹೆಸರು ಹಿಡಿದು ‘ರೋಹಿಣಿ ಅವ್ವಾ’ ಅಂತೀರಿ, ಇಲ್ಲವೇ ಬರೀ ‘ಕೇಳಿತೇನ?’ ನೀಲಾ ಅನ್ನುವವರು ಯಾರು ಅಂತ ನನಗೆ ಗೊತ್ತೇ ಇರಲಿಲ್ಲ.

ತಗಡನ್ನು ಕಿಸೆಗೆ ಹಾಕಿದೆ, ಹಬ್ಬು ಒರೆಸಿ ಗಾಲಿ ಏರಿಸಿದೆ, ನಟ್ಟುಗಳನ್ನು ಎದುರುಬದುರಾಗಿ ಬಿಗಿದೆ, ಭಯಕ್ಕೆ ಮತ್ತೆ ಮತ್ತೆ ಬಿಗಿದೆ. ಅವ್ವ ಓಡಿಸಿ ನೋಡಿದಳು. ಊರ ಅಗಸಿ ಬಾಗಿಲಿನಿಂದ ಕೆರೆಯವರೆಗೆ ಎಷ್ಟು ಸಾವಕಾಶ ಹೋದರೂ ಸ್ಟೇರಿಂಗ್ ತುಟಿಪಿಟಕ್ಕೆನ್ನಲಿಲ್ಲ. ‘ಏನಾಗಿತ್ತಬೇ?’ ಅಂದಳು. ‘ಹೊಲಸು ಕೂತಿತ್ತು’ ಅಂದೆ.

ಸೋಮವಾರ ಬಸ್ಸಿಗೆ ಬರುವಾಗ ಕುಂದಗೋಳದಲ್ಲಿ ಇಳಿದು ನಮ್ಮ ಕಾರಿನ ಗಾಲಿ ನೋಡುವ ಟೈರ್ ಅಂಗಡಿಯ ಯುನೂಸ್ ಕಾಕಾನ ಮುಂದೆ ತಗಡು ಹಿಡಿದೆ. ಅವನು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟ. ‘ನಾ ಬ್ಯಾಡ ಅಂದೆನವಾ. ನಿಮ್ಮಪ್ಪ ಸುಭಾಸಣ್ಣಾರು ಕೇಳಲಿಲ್ಲ. ಕಾಯೂ ತಗಡು ಗಾಲಿಯ ಎದಿಗೇ ಹತ್ತಿ ಇರಬೇಕಂತ ಯಾರೋ ಹೇಳ್ಯಾರಂತ. ಕನ್ನಡಿಗೆ ಕಟ್ಟರಿ ಅಂದ್ರ, ಅಕಿ ನೋಡಿದ್ರ ನಗತಾಳಲೇ ಅಂದ್ರು.’

ಹೀಗೆ ಗೊತ್ತಾಯಿತು.

ಕಟ್ಟೆಯ ಮೇಲೆ ಅವಳನ್ನು ನಗೆಪಾಟಲು ಮಾಡಿದವರೂ ನೀವೇ, ಅವಳಿಗೆ ಏನಾದರೂ ಆದೀತು ಅಂತ ಗಾಲಿಯೊಳಗೆ ಹೆಸರು ಬರೆದು ಇಟ್ಟವರೂ ನೀವೇ. ಅಷ್ಟು ದಪ್ಪ ತಗಡು ನಡುವೆ ಇದ್ದರೆ ರಿಮ್ ನೆಟ್ಟಗೆ ಕೂರುವುದು ಹೇಗೆ? ನಟ್ಟು ಸಡಿಲಾಗದೆ ಇರುವುದು ಹೇಗೆ? ಕಾಯಲಿ ಅಂತ ಇಟ್ಟದ್ದು ಒಂದು ದಿನ ನಡುದಾರಿಯಲ್ಲಿ ಗಾಲಿಯನ್ನೇ ಕಳಚಿ ಬೀಳಿಸುತ್ತಿತ್ತು. ನಿಮಗೆ ಹೆದರಿಕೆ ಇದ್ದರೆ ‘ನನಗ ಹೆದರಿಕಿ ಆಗತೈತಿ’ ಅನ್ನಿ. ನಾನು ದಿನಾ ಹೆದರುತ್ತೇನೆ, ಲ್ಯಾಬಿಗೆ ಹೆದರುತ್ತೇನೆ, ರೂಮ್‌ಮೇಟುಗಳ ಇಂಗ್ಲಿಷಿಗೆ ಹೆದರುತ್ತೇನೆ. ಹಾಗಂತ ಬೇರೆಯವರ ಗಾಡಿ ಮಾರಲು ಹೋಗುವುದಿಲ್ಲ.

ಕಾರಿಗೆ ಈಗ ಯಾವ ದೋಷವೂ ಇಲ್ಲ. ಆದ್ದರಿಂದ ಮಾರಲು ಕಾರಣವೂ ಇಲ್ಲ. ಹೊಳೆಯಪ್ಪ ಕಾಕಾನಿಗೆ ನಾನೇ ಫೋನ್ ಮಾಡಿ, ಕೊಡುವುದಿಲ್ಲ ಅಂತ ಹೇಳಿದ್ದೇನೆ. ‘ಅಪ್ಪನ್ನ ಕೇಳಿಯೇನ ತಂಗಿ?’ ಅಂದರು. ‘ಗಾಡಿ ಅವ್ವನ ಹೆಸರಿಲೆ ಐತ್ರಿ’ ಅಂದೆ. ಆ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೈಯುವುದಿದ್ದರೆ ನನಗೆ ಬೈಯಿರಿ.

ತಗಡಿನ ಸುದ್ದಿ ಅವ್ವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಅದು ನಿಮ್ಮ ಮಾತು, ನೀವೇ ಹೇಳಬೇಕು.

ನಿಮ್ಮ ಮಾತು ಮೀರಿದ, ನಿಮ್ಮದೇ ಮಗಳು,
ರೋಹಿಣಿ

ತಾ.ಕ.: ಗುರುವಾರ ಮಧ್ಯಾಹ್ನ. ಕಾಗದವನ್ನು ಟಪಾಲಿಗೆ ಹಾಕಲು ಹೊರಟಿದ್ದೆ, ಗೇಟಿನ ಮುಂದೆ ಅವ್ವ. ಹುಬ್ಬಳ್ಳಿಗೆ ರೊಟ್ಟಿ ಕೊಟ್ಟು, ಧಾರವಾಡದ ತನಕ ಒಬ್ಬಳೇ ಗಾಡಿ ಹೊಡೆದುಕೊಂಡು ಬಂದಿದ್ದಾಳೆ. ಇಳಿದವಳೇ ಕೈ ಚಾಚಿ, ‘ಅವತ್ತ ಕಿಸೆದಾಗ ಹಾಕ್ಕೊಂಡೆಲ್ಲ, ಕಿಟಕ್ಯಾಗಿಂದ ನೋಡೇನಿ, ಅದನ್ನ ಕೊಡು. ಯುನೂಸ್‌ನ ನಾನೂ ಕೇಳೇನಿ’ ಅಂದಳು. ಕೊಟ್ಟೆ. ಮಡಿಕೆ ಬಿಡಿಸಿ ಓದಿದಳು, ಸೆರಗಿನಿಂದ ಒರೆಸಿದಳು, ಕೊರಳ ದಾರಕ್ಕೆ ಸೇರಿಸಿ ಗಂಟು ಹಾಕಿಕೊಂಡಳು. ಈ ಕಾಗದವನ್ನೂ ಓದಿದಳು. ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಕಾರಿನ ಚಾವಿ ಇನ್ನು ಮೊಳೆಗೆ ತೂಗುಹಾಕುವುದಿಲ್ಲವಂತೆ, ಅವಳ ಪರ್ಸಿನಲ್ಲೇ ಇರುತ್ತದಂತೆ. ನಿಮಗೆ ಒಂದು ಮಾತು ಬರೆ ಅಂದಳು, ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ: ‘ಹೆಸರ ಹಿಡದು ಕರಿಯೂದಿದ್ರ ಕಟ್ಟಿ ಮ್ಯಾಲೆ ಕುಂತು, ಮಂದಿ ಮುಂದ ಕರೀರಿ ಅನ್ನು. ನಾ ಓ ಅಂತೀನಿ.’