ಅಕ್ಕನ ಮೂರು ಕೀಬೋರ್ಡ್‌ಗಳು

ನನ್ನ ಸರೋಜಕ್ಕಾ,

ಮೊದಲ ಸಲ ನೀನು ಕೆಲಮಂಗಲದ ನನ್ನ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ತಂದಾಗ ನಡುವಿನ ಎಂಟು ಕೀ ಕೆಲಸ ಮಾಡುತ್ತಿರಲಿಲ್ಲ. ಶಾಲೆಯ ಪ್ರಶ್ನೆಪತ್ರಿಕೆ ಅರ್ಧಕ್ಕೆ ನಿಂತಿದೆ ಎಂದು ಅವಸರ ಮಾಡಿದೆ. ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ, ನೀರು ಬಿತ್ತಾ, ಕೆಳಗೆ ಬಿತ್ತಾ? ಟೀ ಚೆಲ್ಲಿತು ಎಂದು ನೀನು ಹೇಳಿದೆ. ಬಿಚ್ಚಿ ನೋಡಿದರೆ ಟೀ ಕಲೆಯೇ ಇಲ್ಲ. ಕೀಗಳ ಅಡಿಯ ತಗಡು ಒಳಕ್ಕೆ ಕುಸಿದಿತ್ತು, ಸರಿಯಾಗಿ ಒಂದು ಮುಷ್ಟಿಯಷ್ಟು. ಯಾರ ಮುಷ್ಟಿ ಎಂದು ಕೇಳಬೇಕಿತ್ತಲ್ಲವೇ ನಾನು? ಹೊಸ ಕೀಬೋರ್ಡ್ ಹಾಕಿ ನಿನ್ನನ್ನು ಗಂಡನ ಮನೆಗೆ, ಡೆಂಕಣಿಕೋಟೆ ಬಸ್ಸು ಹತ್ತಿಸಿದೆ.

ಎರಡನೆಯ ಸಲ ಅದೇ ಕುಸಿತ, ನಿನ್ನ ತುಟಿಯೂ ಒಡೆದಿತ್ತು. ಮೂರನೆಯ ಸಲ ಕೀಗಳ ಸಂದಿಯಲ್ಲಿ ಒಣಗಿದ ರಕ್ತ. ಅಮ್ಮ ಸಂತೆಗೆ ಹೋಗಿದ್ದಳು. "ಇವತ್ತು ಇಲ್ಲೇ ಇದ್ಬುಡ್ಲೇನ್ಲಾ?" ಎಂದು ನೀನು ಕೇಳಿದೆ. ಬಾವ ಬೇಜಾರು ಮಾಡಿಕೊಳ್ಳುತ್ತಾರೆ, ಹೋಗಕ್ಕಾ ಎಂದೆನಲ್ಲ ನಾನು, ಈ ನಾಲಿಗೆಯನ್ನು...

ಅದಾದ ನಾಲ್ಕನೆಯ ದಿನ ಅವನು ನಿನ್ನ ತಲೆಯನ್ನು ಒರಳುಕಲ್ಲಿಗೆ ಬಡಿದು ಕೊಂದ. ಸುದ್ದಿ ಕೇಳಿ ನಾನು ಸುತ್ತಿಗೆ ಹಿಡಿದು ಓಡಿದೆ. ನಿಮ್ಮ ಮನೆಯ ಅಂಗಳದಲ್ಲೇ ಸಿಕ್ಕಿದ. ಒಂದೇ ಏಟಿಗೆ ಮೊಣಕೈ ಮುರಿಯಿತು. ಇನ್ನೊಂದು ತಲೆಗೇ ಬೀಳುತ್ತಿತ್ತು, ಅವನನ್ನು ಒಯ್ಯಲು ಬಂದಿದ್ದ ಪೊಲೀಸರು ನನ್ನನ್ನು ಹಿಡಿದುಕೊಂಡರು. ಅವನ ಮೂಳೆಯ ಸದ್ದು ಕೇಳಿ ನನಗೆ ಖುಷಿಯಾಯಿತು, ನಿನ್ನ ಹತ್ತಿರ ಸುಳ್ಳು ಯಾಕೆ? ನನ್ನ ಮೇಲೂ ಕೇಸಾಗಿದೆ, ಆಗಲಿ.

ನಿನಗೆ ನೆನಪಿದೆಯಾ, ಈ ಗುಜರಿ ಎಲ್ಲ ಯಾಕೋ ಎಂದು ನೀನು ನನ್ನನ್ನು ರೇಗಿಸುತ್ತಿದ್ದೆ. ಬಿಡಿ ಕೀಗಳು ಬೇಕಾಗುತ್ತವೆಂದು ನಾವು ರಿಪೇರಿಯವರು ಹಳೆಯ ಕೀಬೋರ್ಡ್ ಎಸೆಯುವುದಿಲ್ಲ. ಕುಸಿದ ನಿನ್ನ ಮೂರನ್ನೂ ಕೃಷ್ಣಗಿರಿ ಕೋರ್ಟಿಗೆ ಕೊಟ್ಟೆ. ನೀನು ಕಾಲು ಜಾರಿ ಬಿದ್ದೆ ಎಂದು ವಾದಿಸುತ್ತಿದ್ದ ಅವನ ವಕೀಲ ಕೋರ್ಟಿನ ತಮಿಳಿನಲ್ಲಿ ಕೇಳಿದ, ಮುಷ್ಟಿಯ ಗುರುತು ಅಂತ ಆಗಲೇ ಗೊತ್ತಿದ್ದರೆ ತಮ್ಮನಾದವನು ಯಾಕೆ ಸುಮ್ಮನಿದ್ದೆ? ಗೊತ್ತಿರಲಿಲ್ಲ ಎಂದರೆ ಸಾಕ್ಷಿ ಬಿದ್ದುಹೋಗುತ್ತಿತ್ತು. ಗೊತ್ತಿತ್ತು ಎಂದರೆ ಹಿಂದೆ ಕೂತ ಅಮ್ಮನಿಗೆ ಕೇಳಿಸುತ್ತಿತ್ತು. ಆ ಹೊತ್ತು ನನ್ನ ಬಾಯಿಗೆ ತಮಿಳು ಬರಲಿಲ್ಲ, ನಮ್ಮ ಕನ್ನಡದಲ್ಲೇ ಹೇಳಿದೆ.

"ಗೊತ್ತಿತ್ತು. ಇದ್ಬುಡ್ತೀನಿ ಅಂದ್ಲು. ನಾನೇ ಕಳುಸ್ದೆ."

ಅಂದಿನಿಂದ ಅಮ್ಮ ನನ್ನ ಜೊತೆ ಮಾತಾಡಿರಲಿಲ್ಲ. ಇವತ್ತು ತೀರ್ಪು ಬಂತು ಅಕ್ಕಾ, ಅವನಿಗೆ ಜೀವಾವಧಿ. ಕೋರ್ಟಿನ ಮೆಟ್ಟಿಲ ಮೇಲೆ ಅಮ್ಮ ನನ್ನ ಕೆನ್ನೆಗೆ ಬಾರಿಸಿ ಕೇಳಿದಳು.

"ಒಂದಿನ ಇರುಸ್ಕಣಕ್ಕೆ ನಮ್ಮನೇಲಿ ಜಾಗ ಇರ್ನಿಲ್ವೇನ್ಲಾ?"

ಇತ್ತು, ಅಕ್ಕಾ.

ನಿನ್ನ ತಮ್ಮ